ಜೋಡಿ ಸೈಕಲ್ಲಿನ ಹಿಂದಿನ ಸೀಟು

ಸುಳ್ಳು ಹೇಳುವುದು ಪಾಪವೆಂದು ಲೆನಾರ್ಡ್ ಪ್ಯಾಸ್ಕ್ ಅವರಿಗೆ ಚಿಕ್ಕಂದಿನಲ್ಲೇ ಚರ್ಚಿನ ಭಾನುವಾರದ ಪಾಠದಲ್ಲಿ ಕಲಿಸಿದ್ದರು. ಎದುರಿಗಿದ್ದವರಿಗೆ ಮುಜುಗರ ಮಾಡುವುದು ಅದಕ್ಕಿಂತ ದೊಡ್ಡ ಪಾಪವೆಂಬುದನ್ನು ಯಾರೂ ಕಲಿಸಿರಲಿಲ್ಲ. ಅದು ಹುಟ್ಟಿನಿಂದಲೇ ಬಂದಿತ್ತು. ಈ ಎರಡು ಪಾಪಗಳು ಒಂದಕ್ಕೊಂದು ಡಿಕ್ಕಿ ಹೊಡೆದ ದಿನ ಲಿಟಲ್ ಹ್ಯಾಸ್ಕಂ ಎಂಬ ಊರಿನಲ್ಲಿ ಗಂಡಸರು ಬಾತುಕೋಳಿಗಳ ಹೊಂಡಕ್ಕೆ ಇಳಿದರು, ಹೊತ್ತಲ್ಲದ ಹೊತ್ತಿನಲ್ಲಿ ಚರ್ಚಿನ ಗಂಟೆ ಮೊಳಗಿತು, ಪ್ಯಾಸ್ಕರ ಮೇಲೆ ಹೆಂಡತಿಯನ್ನು ಕೊಂದ ಗುಮಾನಿಯೂ ಬಂತು.

ಪ್ಯಾಸ್ಕರು ಅಂಥ ಕೆಲಸ ಮಾಡುವ ಆಳಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಛತ್ರಿ, ಕೈಗವಸು, ಕಟ್ಟಿಸಿದ ಹಲ್ಲು, ಒಮ್ಮೆ ಬುಟ್ಟಿಯಲ್ಲಿ ಜೀವಂತ ಹೆಬ್ಬಾತು, ಏನೇ ಬಂದರೂ ಚೀಟಿ ಕಟ್ಟಿ ಒಡೆಯರಿಗೆ ಮುಟ್ಟಿಸಿದವರು. ತಮ್ಮದೆಂಬುದನ್ನು ಏನೂ ಕಳೆದುಕೊಂಡಿರಲಿಲ್ಲ, 1961ರ ಫೆಬ್ರವರಿಯವರೆಗೆ. ಫೆಬ್ರವರಿಯಲ್ಲಿ ಅವರ ಹೆಂಡತಿ ವಿನ್ನಿ ತೀರಿಕೊಂಡಳು.

ಯುದ್ಧದ ವರ್ಷಗಳನ್ನು ಬಿಟ್ಟರೆ ಪ್ರತಿ ಆಗಸ್ಟಿನಲ್ಲೂ ಎರಡು ವಾರ ಗಂಡಹೆಂಡತಿ ಇಬ್ಬರು ತುಳಿಯುವ ಉದ್ದನೆಯ ಹಸಿರು ಸೈಕಲ್ಲನ್ನು ಹೊರಗೆ ತೆಗೆಯುತ್ತಿದ್ದರು. ಸಫೋಕ್ ಸೀಮೆಯ ಓಣಿರಸ್ತೆಗಳಲ್ಲಿ ದಿನಕ್ಕೆ ಹದಿನೈದು ಮೈಲಿ. ಅದರಲ್ಲಿ ನಾಲ್ಕು ಮೈಲಿ ಚಹಾ ಸಿಗುವ ಮನೆಯನ್ನು ಹುಡುಕುವುದಕ್ಕೆ. ಮೊದಲ ವರ್ಷವೇ, 1935ರಲ್ಲಿ, ಲಿಟಲ್ ಹ್ಯಾಸ್ಕಮ್ಮಿನಲ್ಲಿ ಮಳೆ ಹಿಡಿದು ಚರ್ಚಿನೊಳಗೆ ನಿಂತಿದ್ದರು. ಮಳೆ ಬಿಟ್ಟಾಗ ವಿನ್ನಿ ದೇವರಿಗೆ ಕೃತಜ್ಞತೆ ಹೇಳಲು ಬರಿ ಕಲ್ಲಿನ ಮೇಲೆ ಮಂಡಿಯೂರಿದಳು. ಏಳುವಾಗ ಎರಡು ಮಂಡಿಗಳೂ ಮರಗಟ್ಟಿದ್ದವು. ಅಲ್ಲಿ ಹೂವು ಜೋಡಿಸುತ್ತಿದ್ದ ಹೆಂಗಸೊಬ್ಬಳು, "ಊರಿನ ಹೆಂಗಸರೆಲ್ಲ ಸೇರಿ ಮಂಡಿದಿಂಬು ಹೊಲೀತಿದ್ದೀವಿ, ಉಣ್ಣೆ ಕಸೂತಿದು, ಕೂತವರಿಗೆಲ್ಲ ಒಂದೊಂದು," ಅಂದಳು. ವಿನ್ನಿ ಹಿಂದೆಮುಂದೆ ನೋಡದೆ, "ನಂದೂ ಒಂದು ಇರ್ಲಿ. ಮುಂದಿನ ವರ್ಷ ತರ್ತೀನಿ," ಅಂದುಬಿಟ್ಟಳು.

ಮುಂದಿನ ವರ್ಷ ದಿಂಬು ಮುಗಿದಿರಲಿಲ್ಲ. ಬರಿಗೈಯಲ್ಲಿ ಹೇಗೆ ಮುಖ ತೋರಿಸುವುದು? ಗಂಡಹೆಂಡತಿ ಆ ಊರನ್ನು ತಪ್ಪಿಸಲು ಹನ್ನೊಂದು ಮೈಲಿ ಸುತ್ತುಹಾಕಿದರು. ಅದರ ಮುಂದಿನ ವರ್ಷವೂ ಹಾಗೇ. ಒಂದು ದಿಂಬಿನ ನಾಚಿಕೆಗೆ ಕಾಲು ಶತಮಾನ ಹನ್ನೊಂದು ಮೈಲಿ ಸುತ್ತಿದ ದಂಪತಿಗಳು ಬೇರೆ ಯಾವ ದೇಶದಲ್ಲೂ ಸಿಗಲಾರರು. ಆ ಊರಿನವರಿಗೆ ಅದು ನೆನಪಾದರೂ ಇದೆಯೇ ಎಂದು ಯೋಚಿಸುವುದು ಇಬ್ಬರಿಗೂ ಹೊಳೆಯಲಿಲ್ಲ. ಕಡೆಗೆ ಹೋದ ಕ್ರಿಸ್‌ಮಸ್ಸಿನ ಹೊತ್ತಿಗೆ ದಿಂಬು ಮುಗಿಯಿತು. ಚೆರ್ರಿಯ ಕೊಂಬೆ, ಅದರ ಮೇಲೊಂದು ಕರಿಹಕ್ಕಿ. "ಈ ಸಲ ನೆಟ್ಟಗಿನ ದಾರೀಲೇ ಹೋಗೋಣ, ಲೆನ್," ಅಂದಿದ್ದಳು ವಿನ್ನಿ.

ಅದಕ್ಕೇ ಈ ಶನಿವಾರ ಪ್ಯಾಸ್ಕರು ಒಬ್ಬರೇ, ಹಿಂದಿನ ಸೀಟು ಖಾಲಿ, ಅದರ ಹಿಂದಿನ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ದಿಂಬು ಇಟ್ಟುಕೊಂಡು ನೆಟ್ಟಗಿನ ದಾರಿಯಲ್ಲೇ ಬಂದರು. ದಿಂಬಿಗೆ ಆ ಚರ್ಚಿನಲ್ಲಿ ಒಂದು ಜಾಗ ಕೇಳಬೇಕು, ಇಟ್ಟು ಬರಬೇಕು. ಅವರಿಗೆ ಈ ಭೂಮಿಯ ಮೇಲೆ ಉಳಿದಿದ್ದ ಕೆಲಸ ಅದೊಂದೇ ಎಂದು ಅವರು ತಿಳಿದಿದ್ದರು.

ಊರಿಗೆ ಮುಂಚೆ ಹ್ಯಾಸ್ಕಂ ಬೆಟ್ಟ ಸಿಗುತ್ತದೆ. ನಿಜವಾದ ಬೆಟ್ಟ ಕಂಡವರು ಅದನ್ನು ದಿಬ್ಬವೆಂದೂ ಕರೆಯಲಾರರು. ಆದರೂ ಪ್ಯಾಸ್ಕರು ಅರ್ಧದಲ್ಲೇ ಇಳಿದು, ಏದುಸಿರು ಬಿಡುತ್ತಾ ಸೈಕಲ್ಲು ತಳ್ಳಿಕೊಂಡು ಹತ್ತಿದರು. ವಯಸ್ಸಾಯಿತು ಅಂದುಕೊಂಡರು.

ಊರಿನ ಮೊದಲ ಮನೆಯ ಕೈತೋಟದಲ್ಲಿ ಮಿಸೆಸ್ ಗುಡರಂ ಚಹಾ ಮಾರುತ್ತಿದ್ದರು. ಗೇಟಿಗೆ ಒರಗಿದ ಸೈಕಲ್ಲಿಗೆ ಎರಡು ಸೀಟು ಕಂಡದ್ದೇ ತಡ, ಮೇಜಿನ ಮೇಲೆ ಎರಡು ಕಪ್ಪು, ಎರಡು ತಟ್ಟೆ, ಸ್ಕೋನು ಎಂಬ ಬಿಸಿ ಬನ್ನು, ಕೆನೆ, ಜಾಮು ಎಲ್ಲ ಬಂದು ಕೂತವು.

"ಎಲ್ಲಿ ಸಾರ್ ಮನೆಯವ್ರು?"

ಪ್ಯಾಸ್ಕರು ಆ ಎರಡನೆಯ ಕಪ್ಪನ್ನು ನೋಡಿದರು. ನಿಜ ಹೇಳಿದರೆ ಪಾಪ ಈ ಹೆಂಗಸು ಕಪ್ಪನ್ನು ವಾಪಸು ಒಯ್ಯಬೇಕು. ಒಲೆಯಿಂದ ಆಗತಾನೇ ತೆಗೆದ ಸ್ಕೋನು. ಸಂಜೆಯವರೆಗೂ ಆಕೆಗೆ ಒಂಥರಾ ಆಗುತ್ತದೆ.

"ಹಿಂದೆ ಬರ್ತಿದ್ದಾಳೆ," ಅಂದರು.

"ನಡ್ಕೊಂಡಾ?"

"ಹೂಂ. ಗುಡ್ಡ ಇತ್ತಲ್ಲ."

"ಒಳ್ಳೇದಾಯ್ತು, ಕೂತ್ಕೊಳ್ಳಿ. ಅವ್ರು ಬರೋತನಕ ಚಹಾ ಆರದ ಹಾಗೆ ಕೆಟಲಿಗೆ ಟೋಪಿ ಹಾಕಿರ್ತೀನಿ."

ಉಣ್ಣೆಯ ಟೋಪಿ ಹಾಕಿಕೊಂಡ ಕೆಟಲು ಕಾಯಿತು. ಮಿಸೆಸ್ ಗುಡರಂ ಕಾದರು. ಪ್ಯಾಸ್ಕರಂತೂ ಕಾಯುತ್ತಲೇ ಕೂತರು. ಬೇರೇನು ಮಾಡಬೇಕೋ ತೋಚಲಿಲ್ಲ. ಸುಮ್ಮನೆ ಎದ್ದು ಹೋಗೋಣವೆಂದರೆ, ಹೆಂಡತಿ ಬರುವ ಮೊದಲೇ ಹೊರಟುಹೋದ ಗಂಡ ಎನಿಸಿಕೊಳ್ಳಬೇಕು. ಅರ್ಧ ಗಂಟೆಯಾಯಿತು. ಎರಡನೆಯ ಕೆಟಲು ಬಂತು.

"ಸಾರ್, ಮೊಲದ ಬಿಲದಲ್ಲಿ ಕಾಲು ಸಿಕ್ಕಿಸ್ಕೊಂಡ್ರೋ ಏನೋ," ಎಂದು ಮಿಸೆಸ್ ಗುಡರಂ ಬೇಲಿಯ ಆಚೆ ಕೂಗಿದರು. "ಬಾಲ್ಡ್ರೀ! ಏಯ್ ಬಾಲ್ಡ್ರೀ! ಗುಡ್ಡದ ಕಡೆ ಟ್ರ್ಯಾಕ್ಟರ್ ಓಡಿಸು. ಈ ಸಾಹೇಬ್ರ ಹೆಂಡ್ತಿ ನಡೆದು ಬರ್ತಿದ್ದಾರಂತೆ, ಹತ್ತಿಸ್ಕೊಂಡು ಬಾ."

"ಬೇಡ, ಬೇಡ, ದಯವಿಟ್ಟು," ಅಂದರು ಪ್ಯಾಸ್ಕರು. "ಸುಮ್ಮನೆ ತೊಂದರೆ."

"ತೊಂದ್ರೆ ಏನ್ ಬಂತು!" ಎಂದು ರೈತ ಬಾಲ್ಡ್ರಿ ಟ್ರ್ಯಾಕ್ಟರ್ ಹತ್ತಿಯೇಬಿಟ್ಟ. ಇಪ್ಪತ್ತು ನಿಮಿಷಕ್ಕೆ ವಾಪಸು ಬಂದು ಟೋಪಿ ತೆಗೆದ. ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ ಮತ್ತು ಕೆಟ್ಟ ಸುದ್ದಿ ತಂದಾಗ ಮಾತ್ರ.

"ಕ್ರಾಸ್‌ರೋಡ್ ತನಕ ಒಂದು ನರಪಿಳ್ಳೆ ಇಲ್ಲ."

ಕಾನ್‌ಸ್ಟೇಬಲ್ ಗರ್ಲಿಂಗ್ ಬಂದರು. ಆ ಊರಿನಲ್ಲಿ ಹನ್ನೆರಡು ವರ್ಷದಲ್ಲಿ ಆದ ಅಪರಾಧವೆಂದರೆ ಪಾದ್ರಿಯ ತೋಟದ ಪ್ಲಮ್ ಹಣ್ಣನ್ನು ಯಾರೋ ಕಿತ್ತದ್ದು. ಗರ್ಲಿಂಗ್ ಹೊಸ ಪುಸ್ತಕದ ಮೊದಲ ಹಾಳೆ ಮಗುಚಿ, ಪೆನ್ಸಿಲ್ಲಿನ ತುದಿ ನೆಕ್ಕಿ, ಕೂತರು.

"ಕಳೆದದ್ದು ಎಲ್ಲಿ?"

"ಮೊದಲು ವಿವರ, ಆಮೇಲೆ ಸ್ಥಳ," ಅಂದರು ಪ್ಯಾಸ್ಕರು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು. "ಸ್ಥಳ ಮೊದಲು ಬರೆದ್ರೆ ಒಂದೇ ಸ್ಥಳದಲ್ಲಿ ಹತ್ತು ಛತ್ರಿ ಕಳೆದಿರ್ತವೆ, ಯಾವುದು ಯಾವುದು ಅಂತ ಗೊತ್ತಾಗಲ್ಲ."

ಗರ್ಲಿಂಗ್ ಕಣ್ಣೆತ್ತಿ ನೋಡಿದರು. "ಹೆಂಡ್ತಿ ಕಳಕೊಂಡವರು ಇಷ್ಟು ಶಾಂತವಾಗಿ ಮಾತಾಡಿದ್ದು ನಾನು ನೋಡಿಲ್ಲ ಸಾರ್."

"ಎಷ್ಟು ಜನಾನ ನೋಡಿದ್ದೀರಿ?"

"ನೀವೇ ಮೊದಲು. ಇರ್ಲಿ, ವಿವರ ಹೇಳಿ."

"ಐದಡಿ ಒಂದಂಗುಲ. ನೀಲಿ ಟೋಪಿ, ಅದರ ಮೇಲೆ ಬಟ್ಟೆಯ ಚೆರ್ರಿ ಮೂರು. ಒಂದು ಬಿದ್ದುಹೋಗಿ ಎರಡಿದೆ. ಎಡಗೈಯ ಬೆರಳಲ್ಲಿ ಸೂಜಿ ಚುಚ್ಚಿದ ಗುರುತು. ಮಾತಾಡುವ ಮೊದಲು ನಗ್ತಾಳೆ." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಫಜೀತಿ.

ಅಷ್ಟರಲ್ಲಿ ಪಾದ್ರಿ ಫುಲ್ಚರ್ ಓಡಿಬಂದರು. ಹೊಸದಾಗಿ ಬಂದ ಎಳೆಯ ಪಾದ್ರಿ. ಊರಿಗೆ ಉಪಕಾರ ಮಾಡುವ ಅವಕಾಶಕ್ಕಾಗಿ ಮೇ ತಿಂಗಳಿನಿಂದ ಕಾಯುತ್ತಿದ್ದವರು. ಪ್ಯಾಸ್ಕರಿಗೆ ಸಮಾಧಾನವಾಯಿತು. ಪಾದ್ರಿಗಾದರೆ ನಿಜ ಹೇಳಬಹುದು.

"ಪಾದ್ರಿಗಳೇ, ನಿಜ ಹೇಳಬೇಕು ಅಂದ್ರೆ..."

"ಏನೂ ಹೇಳಬೇಡಿ! ಮೊದಲು ಏನಾದ್ರೂ ತಿನ್ನಿ."

"ಇಲ್ಲ, ನನ್ನ ಹೆಂಡತಿ..."

"ಸಿಕ್ಕೇ ಸಿಗ್ತಾರೆ! ಮಿಸೆಸ್ ಗುಡರಂ, ಕೇಕ್ ಕೊಡಿ ಇವರಿಗೆ. ಗಂಟೆ ಬಾರಿಸೋರನ್ನ ಕರೆಸಿದ್ದೀನಿ. ಸದ್ದು ಕೇಳಿ ದಾರಿ ಸಿಗ್ತದೆ ಅವರಿಗೆ."

ಬಾಯಲ್ಲಿ ಕೇಕು ಇಟ್ಟುಕೊಂಡು ಪಾಪನಿವೇದನೆ ಮಾಡುವ ಕ್ರಮ ಆ ಚರ್ಚಿನಲ್ಲಿ ಇರಲಿಲ್ಲ. ಪ್ಯಾಸ್ಕರು ಅದನ್ನು ನುಂಗುವಷ್ಟರಲ್ಲಿ ಚರ್ಚಿನ ಗೋಪುರದ ಆರು ಗಂಟೆಗಳೂ ಒಟ್ಟಿಗೆ ಶುರುವಾದವು. ಆಮೇಲೆ ಯಾರು ಏನು ಹೇಳಿದರೂ ಯಾರಿಗೂ ಕೇಳುವಂತಿರಲಿಲ್ಲ. ಗಂಟೆ ಕೇಳಿ ಊರಿಗೂರೇ ಹೊರಗೆ ಬಂತು. ಹೆಂಗಸರು ಸ್ಯಾಂಡ್‌ವಿಚ್ಚು ಕಟ್ಟತೊಡಗಿದರು. ಬಾಲ್ಡ್ರಿ ಇಬ್ಬರನ್ನು ಕರೆದುಕೊಂಡು, ತೊಡೆಯವರೆಗಿನ ಬೂಟು ಹಾಕಿ, ಬಾತುಕೋಳಿಗಳ ಹೊಂಡಕ್ಕೆ ಇಳಿದ. ಬಾತುಕೋಳಿಗಳು ದಂಡೆಗೆ ಬಂದು ಸಾಲಾಗಿ ನಿಂತು ಬೈದವು.

ಗರ್ಲಿಂಗರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಗಂಟೆ ಕೊಂಚ ನಿಂತಾಗ ಕೇಳಿದರು: "ಗುಡ್ಡದ ಬುಡದಲ್ಲಿ ಇಳಿದ್ರೋ, ನೆತ್ತಿಯಲ್ಲಿ ಇಳಿದ್ರೋ?"

"ಅದು... ಹೇಳೋದು ಕಷ್ಟ."

"ಹೆಂಡ್ತಿ ಸೈಕಲ್ಲಿಂದ ಇಳಿದದ್ದು ಗಂಡನಿಗೆ ಗೊತ್ತಾಗಿಲ್ವಾ? ಬನ್ನಿ ಸಾರ್, ಪ್ರಯೋಗ ಮಾಡೇ ನೋಡೋಣ."

ಹಾಗೆ ಲಿಟಲ್ ಹ್ಯಾಸ್ಕಮ್ಮಿನ ಪೊಲೀಸರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ವಿನ್ನಿಯ ಸೀಟಿನಲ್ಲಿ ಕೂತರು. ಮೊದಲ ಸಲ ಗರ್ಲಿಂಗ್ ಎರಡು ಕಾಲನ್ನೂ ಮೇಲೆತ್ತಿಕೊಂಡು ಕೂತರು, ಪ್ಯಾಸ್ಕರು ತುಳಿದರು. ಸೈಕಲ್ಲು ಮುಳ್ಳುಪೊದೆಯತನಕ ಹೋಗಿ, ನಿಂತು, ಇಬ್ಬರನ್ನೂ ಪೊದೆಗೆ ಒಪ್ಪಿಸಿತು.

"ಈಗ ನಾನೂ ತುಳೀತೀನಿ," ಅಂದರು ಗರ್ಲಿಂಗ್, ಮುಳ್ಳು ಕೀಳುತ್ತಾ.

ಎರಡನೆಯ ಸಲ ಸೈಕಲ್ಲು ಬೆಣ್ಣೆಯಲ್ಲಿ ಚಾಕು ಹೋದಂತೆ ಗುಡ್ಡ ಏರಿತು. ಪ್ಯಾಸ್ಕರಿಗೆ ಕಾಲಡಿಯಲ್ಲಿ ಆ ಹಳೆಯ ಹಗುರ ಮತ್ತೆ ಸಿಕ್ಕಿತು. ಬೆನ್ನ ಹಿಂದೆ ಗರ್ಲಿಂಗ್ ತಿದಿಯಂತೆ ಉಸಿರು ಬಿಡುತ್ತಿದ್ದರು.

"ಸಾರ್... ಇದರಲ್ಲಿ... ಕೆಲಸವೆಲ್ಲ ಹಿಂದಿನವರದೇ. ನಿಮ್ಮ ಹೆಂಡ್ತಿ... ಒಳ್ಳೇ ಗಟ್ಟಿ ಕಾಲಿನವರು!"

ಪ್ಯಾಸ್ಕರು ನೆತ್ತಿಯಲ್ಲಿ ಸೈಕಲ್ಲು ನಿಲ್ಲಿಸಿದರು. ಅಷ್ಟೂ ವರ್ಷ ಪ್ರತಿ ಏರಿನಲ್ಲೂ ಅವರು ಹಿಂದಕ್ಕೆ ತಿರುಗದೆ ಕೂಗುತ್ತಿದ್ದ ಮಾತು ಒಂದೇ: "ವಿನ್ನಿ, ತುಳೀತಿದ್ದೀಯೋ ಹಕ್ಕಿ ನೋಡ್ತಿದ್ದೀಯೋ?" ಪ್ರತಿ ಸಲವೂ ಹಿಂದಿನಿಂದ ನಗು, ಆಮೇಲೆ ಉತ್ತರ: "ಹಕ್ಕಿ ನೋಡ್ತಿದ್ದೀನಿ, ಲೆನ್." ಆ ಮಾತನ್ನು ಅವರು ನಂಬಿದ್ದರು. ಚಹಾದಂಗಡಿಗಳಲ್ಲಿ ಅದನ್ನೇ ಹೇಳಿ ಜನರನ್ನು ನಗಿಸಿದ್ದರು. ಒಂದು ಸಲವಾದರೂ ಉಪಕಾರವಾಯಿತು ಎಂದು ಹೇಳಿರಲಿಲ್ಲ.

ಪ್ಯಾಸ್ಕರ ಕಣ್ಣಿನಿಂದ ನೀರು ಇಳಿಯಿತು. ಗರ್ಲಿಂಗ್ ಪುಸ್ತಕ ತೆಗೆದು ಬರೆದುಕೊಂಡರು: "ಗುಡ್ಡದ ನೆತ್ತಿಯಲ್ಲಿ, ಕಾರಣವಿಲ್ಲದೆ ಅತ್ತರು."

ಅವರು ಊರಿಗೆ ಇಳಿದು ಬರುವಷ್ಟರಲ್ಲಿ ಸುದ್ದಿ ಬಲಿತಿತ್ತು. ಹುಲ್ಲಿನ ಬಯಲಿನಲ್ಲಿ ಜನ ಸೇರಿ, ಪ್ಯಾಸ್ಕರನ್ನು ಕಂಡ ಕೂಡಲೇ ಮಾತು ನಿಲ್ಲಿಸಿ ಹವಾಮಾನದ ವಿಷಯ ಎತ್ತಿದರು. ಮಿಸೆಸ್ ಗುಡರಂ ಮಾತ್ರ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದು ಮತ್ತೆ ಶುರುವಾಗಿದ್ದ ಗಂಟೆಗಳನ್ನೂ ಮೀರಿ ಬಯಲಿಗೆಲ್ಲ ಕೇಳಿಸಿತು: "ಎರಡು ಸ್ಕೋನು ತಿಂದ ಕಣ್ರೀ. ಹೆಂಡ್ತಿದೂ ತಿಂದ. ಅವಳು ಬರಲ್ಲ ಅಂತ ಗೊತ್ತಿತ್ತು ಅವನಿಗೆ!"

"ಸಾರ್, ಆ ಬುಟ್ಟಿಯಲ್ಲಿ ಏನಿದೆ?" ಅಂದರು ಗರ್ಲಿಂಗ್.

ಪ್ಯಾಸ್ಕರು ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. "ಅದು ವಿನ್ನಿದು."

"ಅದಕ್ಕೇ ಕೇಳ್ತಿರೋದು."

"ನಾನೇ ಹೇಳ್ತೀನಿ. ಒಂದು ನಿಮಿಷ ಗಂಟೆ ನಿಲ್ಲಿಸಿ, ಕೇಕು ಕೊಡಬೇಡಿ, ನಾನೇ..." ಎನ್ನುವಾಗ ಗರ್ಲಿಂಗ್ ಬುಟ್ಟಿ ಬಿಚ್ಚಿದರು, ಬಟ್ಟೆ ಸರಿಸಿದರು. ಚೆರ್ರಿಯ ಕೊಂಬೆಯೂ ಕರಿಹಕ್ಕಿಯೂ ಸಂಜೆಬಿಸಿಲಿಗೆ ಬಂದವು. ಕಾನೂನು ಎಲ್ಲವನ್ನೂ ತಿರುಗಿಸಿ ನೋಡುತ್ತದೆ. ಗರ್ಲಿಂಗ್ ದಿಂಬನ್ನು ಮಗುಚಿದರು. ತಳದಲ್ಲಿ ಯಾರೋ ಒರಟು ಕೈಯವರು ಹೊಲಿದ ಅಕ್ಷರಗಳಿದ್ದವು. ಅಳತೆ ತಪ್ಪಿ ಕಡೆಯ ಸಾಲು ಮೂಲೆ ಸುತ್ತಿ ಪಕ್ಕಕ್ಕೆ ಹತ್ತಿತ್ತು. ಗರ್ಲಿಂಗ್ ದಿಂಬನ್ನು ತಿರುಗಿಸುತ್ತಾ ಗಟ್ಟಿಯಾಗಿ ಓದಿದರು.

"ವಿನಿಫ್ರೆಡ್ ಪ್ಯಾಸ್ಕ್. ಜನನ 1897. ಮರಣ ಫೆಬ್ರವರಿ 1961. ತಡವಾಯಿತು, ಕ್ಷಮಿಸಿ."

ಅದೇ ಕ್ಷಣಕ್ಕೆ ಗಂಟೆಗಳೂ ನಿಂತವು. ಏನೂ ಗೊತ್ತಿಲ್ಲದ ಬಾಲ್ಡ್ರಿ ಮಾತ್ರ ಹೊಂಡದ ನಡುವಿನಿಂದ, ಎದೆಯವರೆಗೆ ಕೆಸರಾಗಿ, ಉತ್ಸಾಹದಿಂದ ಕೂಗಿದ: "ಇಲ್ಲಿ ಇಲ್ಲ! ಒಂದು ಸೋರೋ ಬಕೆಟ್ ಸಿಕ್ತು ಅಷ್ಟೇ!"

"ಸಾರ್," ಅಂದರು ಗರ್ಲಿಂಗ್ ಮೆಲ್ಲಗೆ, "ಇದರ ಪ್ರಕಾರ..."

"ಹೌದು," ಅಂದರು ಪ್ಯಾಸ್ಕರು. "ತಟ್ಟೆ ಎರಡಿತ್ತು. ಅವರು ಪ್ರೀತಿಯಿಂದ ಇಟ್ಟಿದ್ರು. ತೆಗೀರಿ ಅನ್ನೋಕೆ ಬಾಯಿ ಬರಲಿಲ್ಲ. ನಿಮಗೆಲ್ಲ ಇಷ್ಟೊಂದು ತೊಂದರೆ ಕೊಟ್ಟೆ. ನಾನು ಹೊರಡ್ತೀನಿ." ಅವರು ದಿಂಬಿಗೆ ಕೈ ಚಾಚಿದರು. ಇಷ್ಟು ದೊಡ್ಡ ಸುಳ್ಳು ಹೇಳಿದ ಊರಿನ ಚರ್ಚಿನಲ್ಲಿ ಇನ್ನು ಜಾಗ ಕೇಳುವುದಕ್ಕೆ ಯಾವ ಮುಖ? ಇನ್ನೊಂದು ಕಾಲು ಶತಮಾನ ಹನ್ನೊಂದು ಮೈಲಿ ಸುತ್ತಬೇಕು, ಅಷ್ಟೆ.

"ಅದನ್ನ ಇಲ್ಲಿ ಕೊಡಿ," ಎಂದಿತು ಒಂದು ದನಿ.

ಮಿಸೆಸ್ ಥರ್ಕೆಟಲ್ ಮುಂದೆ ಬಂದರು. ಊರಿನ ಮಹಿಳಾ ಮಂಡಳಿಯ ಅಧ್ಯಕ್ಷೆ. ಬಿಷಪ್ಪರೇ ಬಂದರೂ ಕಾಲೊರೆಸಿ ಬನ್ನಿ ಅನ್ನುವವರು. ದಿಂಬನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಕಸೂತಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಕಸೂತಿ ಬಿಗಿಯಾಗಿದೆ. ಕೆಳಗಿನ ಅಕ್ಷರ ಯಾರದ್ದು?"

"ನಂದು."

"ಕಾಣ್ತದೆ." ಮತ್ತೆ ದಿಂಬು ನೋಡಿದರು. "ಮೂವತ್ತೈದನೇ ಇಸವಿ. ಮಳೆ. ನೀಲಿ ಟೋಪಿ."

ಪ್ಯಾಸ್ಕರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಹೂವು ಜೋಡಿಸ್ತಿದ್ದವಳು ನಾನೇ. ಮುಂದಿನ ವರ್ಷ ತರ್ತೀನಿ ಅಂದಿದ್ರು. ಪಟ್ಟಿಯಲ್ಲಿ ಬರ್ಕೊಂಡಿದ್ದೆ, ನಲವತ್ತೊಂದನೇದು, ಸೈಕಲ್ ಅಮ್ಮ ಅಂತ. ಮೂರನೇ ಬೆಂಚಿನ ತುದಿ ಜಾಗ. ಬೇರೆಯವರು ತಂದ್ರೂ ನಾನು ಇಡೋಕೆ ಬಿಡಲಿಲ್ಲ. ಮಾತು ಕೊಟ್ಟವರದು, ಅವರೇ ತರಲಿ ಅಂತ."

"ಇಷ್ಟು ವರ್ಷ... ಖಾಲಿ?" ಅಂದರು ಪ್ಯಾಸ್ಕರು.

"ಅಲ್ಲಿ ಕೂರೋದು ನಾನು. ಬರಿ ಕಲ್ಲಿನ ಮೇಲೆ ಮಂಡಿಯೂರಿ ಊರಿ ನನ್ನ ಮಂಡಿ ಹೋಯ್ತು. ತಡ ಆದದ್ದಕ್ಕೆ ಕ್ಷಮೆ ಕೇಳಿದ್ದೀರಲ್ಲ, ಸರಿ." ಹೀಗೆಂದು ಆ ಗಟ್ಟಿ ಹೆಂಗಸು ಸರಕ್ಕನೆ ಆಚೆ ತಿರುಗಿ ಮೂಗು ಒರೆಸಿಕೊಂಡರು. ಉಳಿದವರೂ ಆಕಾಶ ನೋಡಿದರು, ಬೂಟು ನೋಡಿದರು. ಮಿಸೆಸ್ ಗುಡರಂ, ತಾವು ಏನೂ ಪಿಸುಗುಟ್ಟಿಲ್ಲವೆಂಬ ಮುಖಭಾವದಿಂದ, ಕೆಟಲಿಗೆ ನೀರಿಡಲು ಓಡಿದರು. ಗರ್ಲಿಂಗ್ ಪುಸ್ತಕದ ಆ ಹಾಳೆಯನ್ನು ನೀಟಾಗಿ ಹರಿದು, ಏನು ಮಾಡುವುದೆಂದು ತಿಳಿಯದೆ, ಪ್ಯಾಸ್ಕರ ಕೈಗೇ ಕೊಟ್ಟರು. ಪ್ಯಾಸ್ಕರು ಅದನ್ನು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ವಿನ್ನಿಯ ವಿವರವನ್ನು ಅಷ್ಟು ಸರಿಯಾಗಿ ಬೇರೆ ಯಾರೂ ಬರೆದಿರಲಿಲ್ಲ.

ಮರುದಿನ ಭಾನುವಾರ. ಮೂರನೆಯ ಬೆಂಚಿನ ತುದಿಯಲ್ಲಿ ಮಿಸೆಸ್ ಥರ್ಕೆಟಲ್ ಪಕ್ಕಕ್ಕೆ ಸರಿದು, ದಿಂಬನ್ನು ಪ್ಯಾಸ್ಕರ ಮುಂದೆ ತಳ್ಳಿದರು. "ಇವತ್ತು ನೀವು. ಮುಂದಿನ ವಾರದಿಂದ ನಾನು." ಪ್ಯಾಸ್ಕರು ಮಂಡಿಯೂರಿದರು. ಆರು ತಿಂಗಳಿನಿಂದ ದೇವರನ್ನು ಅವರು ಕೇಳುತ್ತಿದ್ದುದು ಯಾಕೆ ಎಂಬ ಒಂದೇ ಮಾತು. ಅವತ್ತು ಅದು ಬಾಯಿಗೆ ಬರಲಿಲ್ಲ. ಹ್ಯಾಸ್ಕಂ ಬೆಟ್ಟ, ಅದಕ್ಕೆ ಮುಂಚಿನ ದಿಬ್ಬ, ಅದರ ಆಚೆಯ ಏರು, ಹೀಗೆ ನೆನಪಿದ್ದ ಒಂದೊಂದೇ ಏರನ್ನು ಹೆಸರು ಹಿಡಿದು ಕರೆದು, ಒಂದೊಂದಕ್ಕೂ ಕೃತಜ್ಞತೆ ಹೇಳಿದರು. ದಿಂಬು ಮೆತ್ತಗಿತ್ತು. ಮೂಲೆ ಸುತ್ತಿದ ಅಕ್ಷರಗಳು ಮಾತ್ರ ಕೊಂಚ ಒತ್ತುತ್ತಿದ್ದವು.

ಸೋಮವಾರ ಎರಡು ಊರು ದಾಟಿ, ಎರಡು ಗುಡ್ಡ ತಳ್ಳಿ ಹತ್ತಿ, ಸೇಬಿನ ಮರದ ಕೆಳಗಿನ ಒಂದು ಚಹಾದಂಗಡಿಯಲ್ಲಿ ಪ್ಯಾಸ್ಕರು ಕೂತರು. ದಪ್ಪ ಕನ್ನಡಕದ ಮುದುಕಿ ಸೈಕಲ್ಲನ್ನು ನೋಡಿ ಎರಡು ಕಪ್ಪು ತಂದಿಟ್ಟಳು.

"ಇನ್ನೊಬ್ರು ಎಲ್ಲಿ ಸಾರ್?"

ಪ್ಯಾಸ್ಕರು ಕಪ್ಪು ನೋಡಿದರು.

"ತೀರಿಕೊಂಡಳಮ್ಮ, ಫೆಬ್ರವರಿಯಲ್ಲಿ. ಏರಿನಲ್ಲೆಲ್ಲ ತುಳಿದವಳು ಅವಳೇ. ಹಕ್ಕಿ ನೋಡ್ತಿದ್ದೀನಿ ಅಂತ ನನಗೆ ಸುಳ್ಳು ಹೇಳ್ತಿದ್ದಳು."

ಮುದುಕಿ ಎರಡನೆಯ ಕಪ್ಪನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದಳು. ನಿಂತಳು. ವಾಪಸು ಬಂದು ಎದುರಿನ ಕುರ್ಚಿ ಎಳೆದುಕೊಂಡು ಕೂತು, ಆ ಕಪ್ಪಿಗೆ ತನಗೇ ಚಹಾ ಬಗ್ಗಿಸಿಕೊಂಡಳು.

"ಹೇಳಿ ಸಾರ್," ಅಂದಳು. "ಯಾವ ಹಕ್ಕಿ ಅಂತಿದ್ರು?"

ಪ್ಯಾಸ್ಕರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, 1935ರ ಮಳೆಯಿಂದ ಶುರುಮಾಡಿದರು.